ಗಂಗಾಧರಯ್ಯನವರ ಉದ್ದಕತ್ತಿನ ಪ್ರಾಣಿ

ಯಡಿಯೂರಿನ ಹಳಬರು ಗಂಗಾಧರಯ್ಯನವರನ್ನು ಇಂದಿಗೂ ‘ಡೈನೋಸಾರ್ ಟೈಲರು’ ಎಂದೇ ನೆನೆಯುತ್ತಾರೆ. ಆ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ಜೀವಮಾನವೆಲ್ಲ ಮಿಷನ್ ತುಳಿದ ಮನುಷ್ಯ ಅವರು. ಅವರ ಕೈಯಲ್ಲಿ ರವಿಕೆ ಹೊಲಿಸಿಕೊಂಡ ಹೆಂಗಸರೇ ಬಾಯಿಗೆ ಸೆರಗು ಹಿಡಿದು ನಗುತ್ತಾ ಹಾಗೆನ್ನುತ್ತಾರೆ. ನಾನು ಅವರ ಅಂಗಡಿಯಲ್ಲಿ ಹುಕ್ಕು, ಕಾಜಾ, ಹೆಮ್ಮಿಂಗ್ ಮಾಡಿಕೊಂಡಿದ್ದವಳು. ವಠಾರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹಾಗಾಗಿ ಅವರ ಕಥೆಯನ್ನು ನಗುವವರ ಬಾಯಿಗೆ ಬಿಡುವುದಕ್ಕಿಂತ ನಾನೇ ಹೇಳುವುದು ವಾಸಿ.

ಅವರಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಅವರ ಕಣ್ಣು ಹುಡುಗಿಯ ರವಿಕೆಯ ಹೊಲಿಗೆ ಮೇಲೆಯೇ ಇರುತ್ತಿತ್ತು. ಒಂದು ಕಡೆಯಂತೂ ತೋಳಿನ ಕೂಡಿಕೆ ಸರಿ ಬಂದಿಲ್ಲ ಎಂದು ಹೇಳಿಯೂ ಬಿಟ್ಟರಂತೆ. ಕಾಫಿಯ ಲೋಟ ಕೆಳಗಿಡುವ ಮೊದಲೇ ಸಂಬಂಧ ಮುರಿಯಿತು. ಆಮೇಲೆ ತಾಯಿ ಗೋವಿಂದಮ್ಮ, ಮಗ ಇಬ್ಬರೇ ಉಳಿದರು. ತಾಯಿ ಅಡಿಗೆ ಮಾಡುವುದು, ಮಗ ಹೊಲಿಯುವುದು, ದಸರೆ ಬಂದರೆ ಇಬ್ಬರೂ ಸೇರಿ ಗೊಂಬೆ ಕೂರಿಸುವುದು.

ಆ ಪ್ರಾಣಿಗಳ ಹುಚ್ಚು ಹತ್ತಿದ್ದು ಎಪ್ಪತ್ನಾಲ್ಕರಲ್ಲಿ. ಜಯನಗರ ನಾಲ್ಕನೇ ಬ್ಲಾಕಿನಿಂದ ಯಾರೋ ಮಕ್ಕಳ ಬಟ್ಟೆ ಆಲ್ಟರ್ ಮಾಡಲು ಕೊಟ್ಟಿದ್ದರು. ಚೀಲದ ತಳದಲ್ಲಿ ಗೇಣಿಗೂ ಮಿಕ್ಕ ಒಂದು ರಬ್ಬರ್ ಪ್ರಾಣಿ ಇತ್ತು. ಮೂಗಿನ ಮೇಲೊಂದು, ಹಣೆಯ ಮೇಲೆರಡು ಕೊಂಬು. ಅವರಿಗೆ ಟ್ರಾನ್ಸ್‌ಫರ್ ಆಗಿತ್ತೋ ಏನೋ, ಬಟ್ಟೆಗೂ ಬರಲಿಲ್ಲ, ಪ್ರಾಣಿಗೂ ಬರಲಿಲ್ಲ. ಗಂಗಾಧರಯ್ಯ ಅದನ್ನು ಗಾಜಿನ ಬೀರುವಿನಲ್ಲಿ ದಾರದ ಉಂಡೆಗಳ ಪಕ್ಕ ಇಟ್ಟರು. ಬಂದ ಮಕ್ಕಳೆಲ್ಲ ಅದು ಡೈನೋಸಾರ್, ಕೋಟ್ಯಂತರ ವರ್ಷಗಳ ಹಿಂದೆ ಇತ್ತು, ಈಗಿಲ್ಲ ಎಂದು ಅವರಿಗೆ ಪಾಠ ಹೇಳಿಕೊಟ್ಟರು. ಇಲ್ಲದೇ ಹೋದ ಪ್ರಾಣಿ ಎನ್ನುವುದೇ ಅವರ ಮನಸ್ಸಿಗೆ ಹಿಡಿಸಿತು ಎಂದು ನನಗನ್ನಿಸುತ್ತದೆ.

ಅಲ್ಲಿಂದ ಶುರುವಾಯಿತು. ಮದ್ರಾಸಿಗೆ ಹೋಗುವ ಗಿರಾಕಿಗಳಿಗೆ ಹೇಳಿ ತರಿಸಿದರು. ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಹಳೆಯ ಆಟಿಕೆಗಳ ರಾಶಿ ಕೆದಕಿದರು. ಬೆನ್ನ ಮೇಲೆ ಹಲಗೆಗಳಿದ್ದದ್ದು ಬಂತು, ಎರಡು ಕಾಲಿನ ಮೇಲೆ ನಿಂತು ಬಾಯಿ ತೆರೆದದ್ದು ಬಂತು. ಗೋವಿಂದಮ್ಮ ಅವನ್ನೆಲ್ಲ ‘ಗಂಗನ ಓತಿಕ್ಯಾತಗಳು’ ಎನ್ನುತ್ತಿದ್ದರು. ಬೈದುಕೊಂಡೇ ಗೊಂಬೆ ಮೆಟ್ಟಿಲಿನ ಕೆಳಗೆ ಅವಕ್ಕೂ ಜಾಗ ಮಾಡಿಕೊಟ್ಟರು. ಮೇಲೆ ಪಟ್ಟದ ರಾಜ ರಾಣಿ, ನಡುವೆ ಶೆಟ್ಟಿ, ಶೆಟ್ಟಮ್ಮ, ಪೊಲೀಸು. ತೀರ ಕೆಳಗೆ ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರಿನ ಕಾಡು, ಕನ್ನಡಿಯ ಕೆರೆ, ಅದರ ಸುತ್ತ ಈ ಓತಿಕ್ಯಾತಗಳು. ಬೊಂಬೆ ನೋಡಲು ಬಂದ ಮಕ್ಕಳು ಪಟ್ಟದ ಗೊಂಬೆಯ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಒಂದೇ ಕೊರತೆ. ಉದ್ದ ಕತ್ತು, ಉದ್ದ ಬಾಲದ ಒಂದು ಜಾತಿ ಇದೆಯಲ್ಲ, ಅದು ಆಟಿಕೆಯಲ್ಲಿ ಸಿಕ್ಕಿದ್ದೆಲ್ಲ ಅಂಗೈಯಷ್ಟೇ ಇತ್ತು. ಡಬ್ಬಿಗೆ ಹಿಡಿಯಲಿ ಎಂದು ಕಂಪನಿಯವರು ಅದನ್ನು ಕುಗ್ಗಿಸಿ ಮಾಡುತ್ತಿದ್ದರೇನೋ. ಫುಟ್‌ಪಾತಿನಲ್ಲಿ ಕೊಂಡ ಒಂದು ಚಿತ್ರದ ಪುಸ್ತಕ ನೋಡಿ ಗಂಗಾಧರಯ್ಯ ಟೇಪು ಹಿಡಿದು ಲೆಕ್ಕ ಹಾಕಿದರು. ಮೂರು ಕೊಂಬಿನದು ಗೇಣಿಗೆ ಮಿಕ್ಕಿದ್ದರೆ ಉದ್ದಕತ್ತಿನದು ಹತ್ತಿರ ಹತ್ತಿರ ಒಂದು ಗಜ ಇರಬೇಕು. ಅಷ್ಟು ದೊಡ್ಡದು ಯಾವ ಅಂಗಡಿಯಲ್ಲೂ ಇಲ್ಲ. ಅಳತೆ ತಪ್ಪಿದ್ದನ್ನು ಮೆಟ್ಟಿಲ ಮೇಲೆ ಇಡಲು ಅವರಿಗೆ ಮನಸ್ಸಿಲ್ಲ. ತಾನೇ ಮಾಡುತ್ತೇನೆ ಎಂದು ಹೊರಟರು.

ಆ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಆ ಪ್ರಾಣಿ ಕೆರೆಯೊಳಗೆ ನಿಂತಿದೆ, ಮೈಯೆಲ್ಲ ನೀರಿನಲ್ಲಿ ಮುಳುಗಿದೆ, ಕತ್ತು ಮಾತ್ರ ಮೇಲೆ. ಮೈಭಾರ ತಾಳಲಾರದೆ ನೀರಲ್ಲೇ ಇರುತ್ತಿತ್ತೆಂದು ಆಗ ನಂಬಿದ್ದರಂತೆ. ನಾನು ತಮಾಷೆಗೆ, ಬರೀ ಕತ್ತು ಮಾಡಿ ಕನ್ನಡಿಯ ಮೇಲೆ ನಿಲ್ಲಿಸಿಬಿಡಿ, ರಗಳೆಯೇ ಇಲ್ಲ ಎಂದೆ. ಅವರು ನನ್ನನ್ನು ಕಳ್ಳತನ ಹೇಳಿಕೊಟ್ಟವಳ ಹಾಗೆ ನೋಡಿದರು.

“ಕಾಲರ್ ಹೊಲ್ದು ಶರ್ಟು ಅನ್ನೋಕಾಗುತ್ತಾ ಪಾರ್ವತಮ್ಮ?”

ಮೊದಲು ತಮ್ಮ ಕಸುಬಿನಂತೆ ಬಟ್ಟೆಯಲ್ಲೇ ಹೊಲಿದು ಒಳಗೆ ಚಿಂದಿ ತುಂಬಿದರು. ನೋಡಲು ಚೆನ್ನಾಗಿತ್ತು. ಸರಸ್ವತಿ ಪೂಜೆ ಬರುವಷ್ಟರಲ್ಲಿ ಕತ್ತು ಬಗ್ಗಿ ನೆಲಕ್ಕೆ ತಾಗಿತು. ಮುಂದಿನ ವರ್ಷ ತಂತಿ ಬಗ್ಗಿಸಿ, ಮೇಲೆ ನೆನೆಸಿದ ಕಾಗದವನ್ನು ಮೈದಾ ಅಂಟಿನಲ್ಲಿ ಮೆತ್ತಿದರು. ಕತ್ತು ನಿಂತಿತು, ಆದರೆ ಹೊಟ್ಟೆಯ ಭಾರಕ್ಕೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿದವು. ಉಳಿದದ್ದನ್ನು ಜಿರಲೆಗಳು ತಿಂದವು. ಕೊನೆಗೆ ಗೌರಿ ಗಣೇಶ ಮಾಡುವ ಮುನಿಯಣ್ಣನ ಹತ್ತಿರ ಹೋಗಿ, ಚಿಕ್ಕಲಸಂದ್ರದ ಕೆರೆಯ ಜೇಡಿಮಣ್ಣು ತರಿಸಿಕೊಂಡು, ಅಂಗಡಿ ಮುಚ್ಚಿದ ಭಾನುವಾರಗಳಲ್ಲಿ ಮಣ್ಣಿನ ಕೆಲಸ ಕಲಿತರು.

ಮಣ್ಣಿನದು ಬೇರೆಯೇ ಗೋಳು. ಮೈ ದಪ್ಪ, ಕತ್ತು ಸಣ್ಣ. ಕತ್ತು ಬೇಗ ಒಣಗುತ್ತದೆ, ಮೈ ಹಸಿಯಾಗಿಯೇ ಇರುತ್ತದೆ. ಎರಡೂ ಸೇರುವ ಜಾಗದಲ್ಲಿ ಬಿರುಕು ಬಿಟ್ಟು ಒಂದು ಬೆಳಿಗ್ಗೆ ನೋಡಿದರೆ ಕತ್ತು ಕೆಳಗೆ ಬಿದ್ದಿರುತ್ತದೆ. ಒದ್ದೆ ಬಟ್ಟೆ ಸುತ್ತಿದರು, ನೆರಳಲ್ಲಿ ಇಟ್ಟರು, ಮಣ್ಣಿಗೆ ಹತ್ತಿ ಬೆರೆಸಿದರು. ವರ್ಷ ವರ್ಷವೂ ಅದೇ ಕಥೆ. ಮುನಿಯಣ್ಣ ಬಂದು ನೋಡಿ ತಲೆ ಆಡಿಸಿದ.

“ಗಣಪತಿ ಸೊಂಡ್ಲು ಹೊಟ್ಟೆ ಮೇಲೆ ಒರಗ್ಕೊಳ್ತದೆ ಟೈಲರ್ರೇ. ನಿಮ್ಮ ಪ್ರಾಣಿ ಕತ್ತಿಗೆ ಒರಗಕ್ಕೆ ಏನೈತೆ?”

ಮುರಿದು ಭಿನ್ನವಾದ ಗೊಂಬೆ ಮನೆಯಲ್ಲಿರಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹಾಗೆ ಕತ್ತು ಮುರಿದದ್ದನ್ನೆಲ್ಲ ಗೋವಿಂದಮ್ಮ ಮಂಕರಿಯಲ್ಲಿಟ್ಟು, ಅರಿಶಿನ ಕುಂಕುಮ ಹಾಕಿ, ಯಡಿಯೂರು ಕೆರೆಗೆ ಬಿಟ್ಟು ಬರುತ್ತಿದ್ದರು. ಗಂಗಾಧರಯ್ಯನವರೂ ಬೇಡವೆನ್ನುತ್ತಿರಲಿಲ್ಲ. ಕೆರೆಯ ಮಣ್ಣು ಕೆರೆಗೆ ಹೋಯಿತು ಎಂದು ನಕ್ಕು ಮತ್ತೆ ಮಣ್ಣು ತರಿಸುತ್ತಿದ್ದರು.

ನಗು ನಿಂತದ್ದು ಎಂಬತ್ತೊಂದರಲ್ಲಿ. ಸೂಜಿಗೆ ದಾರ ಪೋಣಿಸುವಾಗ ಅವರ ಬಲಗೈ ನಡುಗುವುದನ್ನು ನಾನು ಮೊದಲು ಕಂಡೆ. ನಿದ್ದೆಗೆಟ್ಟಿರಬೇಕು ಎಂದುಕೊಂಡೆ. ಆಮೇಲೆ ಕತ್ತರಿ ಗೆರೆ ಬಿಟ್ಟು ಹೋಗತೊಡಗಿತು. ಮಾತು ತೊದಲಿತು. ದೊಡ್ಡ ಡಾಕ್ಟರು ನೋಡಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಎಂದರಂತೆ. ತಾಯಿಗೆ ಅದನ್ನು ಹೇಳಲಿಲ್ಲ, ನರದ ನಿಶ್ಶಕ್ತಿ ಎಂದಷ್ಟೇ ಹೇಳಿದರು. ನನಗೆ ಮಾತ್ರ, ಕೈ ಪೂರ್ತಿ ಹೋಗುವುದರೊಳಗೆ ಒಂದೇ ಒಂದು ಉದ್ದಕತ್ತಿನದು ಅಳತೆಗೆ ಸರಿಯಾಗಿ ಮೆಟ್ಟಿಲ ಮೇಲೆ ನಿಂತರೆ ಸಾಕು ಎಂದರು. ದೇವರಲ್ಲಿ ಬೇಡುವುದಕ್ಕೂ ಇಷ್ಟು ಕಡಿಮೆ ಬೇಡುತ್ತಾರೆಯೇ!

ಗೋವಿಂದಮ್ಮನವರ ಯೋಚನೆ ಬೇರೆ ದಾರಿ ಹಿಡಿದಿತ್ತು. ಬಿರುಕು ಬಿಟ್ಟ ಗೊಂಬೆಗಳನ್ನು ಮಗ ಒಂದೆರಡು ದಿನವಾದರೂ ಮನೆಯಲ್ಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದನಲ್ಲ, ಅದರಿಂದಲೇ ಕೈಗೆ ಹೀಗಾಯಿತು ಎಂದು ಅವರಿಗೆ ಖಾತ್ರಿಯಾಗಿತ್ತು.

ಎಂಬತ್ಮೂರರಲ್ಲಿ ದಾರಿ ಹೊಳೆಯಿತು. ಅಂಗಡಿಯಲ್ಲಿ ನಾನು ಒಂದು ರವಿಕೆಯ ತೋಳು ಹಿಡಿದು ಕೂತಿದ್ದೆ. ಅವರು ಅದನ್ನೇ ನೋಡುತ್ತಾ ಇದ್ದಕ್ಕಿದ್ದಂತೆ ಮಿಷನ್ ನಿಲ್ಲಿಸಿದರು.

“ತೋಳನ್ನ ಮೈ ಜೊತೇಲೇ ಕತ್ತರಿಸ್ತೀವಾ? ಬೇರೆ ಕತ್ತರಿಸಿ ಆಮೇಲೆ ಕೂಡಿಸ್ತೀವಿ. ಕತ್ತೂ ಹಂಗೇ ಅಲ್ವಾ?”

ಮೈಯನ್ನು ಬೇರೆಯಾಗಿ ಮಾಡಿ ಮನೆಯ ಹಿಂದಿನ ಕೋಣೆಯಲ್ಲಿ ಒದ್ದೆ ಗೋಣಿ ಮುಚ್ಚಿ ನಿಧಾನವಾಗಿ ಒಣಗಿಸಿದರು. ಭುಜದಲ್ಲಿ ಒಂದು ತೂತು. ಕತ್ತನ್ನು ಅಂಗಡಿಯಲ್ಲಿ ಮಾಡಿದರು, ಅದರ ಬುಡದಲ್ಲಿ ಒಂದು ಬಿದಿರು ಕಡ್ಡಿ. ಕಡ್ಡಿ ತೂತಿಗೆ ಕೂತರೆ ಕತ್ತು ನಿಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಒಣಗಿಸಿದ್ದರಿಂದ ಬಿರುಕಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವರು ಆ ಪುಟ್ಟ ತಲೆಗೆ ಕಣ್ಣು ಕೊರೆದದ್ದನ್ನು ನಾನು ಕೂತು ನೋಡಿದೆ. ಪದೇ ಪದೇ ಮುರಿದದ್ದು ಕಂಡು ಅಮ್ಮ ನೊಂದಿದ್ದಾರೆ, ಈ ಸಲ ಪಾಡ್ಯದ ದಿನ ಕೂಡಿಸಿಯೇ ತೋರಿಸುತ್ತೇನೆ ಎಂದು ತಾಯಿಗೇನೂ ಹೇಳಲಿಲ್ಲ.

ನವರಾತ್ರಿಯ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಹಬ್ಬದ ಬಟ್ಟೆಗಳು ಬಾಕಿ ಇದ್ದವೆಂದು ನಾವಿಬ್ಬರೂ ಅಂಗಡಿಗೆ ಹೋಗಿದ್ದೆವು. ಸಂಜೆ ಕತ್ತನ್ನು ಒಂದು ಲಂಗದ ಬಟ್ಟೆಯಲ್ಲಿ ಸುತ್ತಿ, ಅವರ ಕೈಗೆ ಧೈರ್ಯ ಸಾಲದೆ, ನಾನೇ ಎತ್ತಿಕೊಂಡು ವಠಾರಕ್ಕೆ ಬಂದೆ. ಗೋವಿಂದಮ್ಮ ಜಗಲಿ ಮೇಲೆ ಕೂತಿದ್ದರು. ಸೀರೆಯ ಅಂಚು ಒದ್ದೆಯಾಗಿತ್ತು, ಮುಖ ಮಾತ್ರ ಗೆಲುವಾಗಿತ್ತು. ಹಬ್ಬಕ್ಕೆ ಮನೆ ಗುಡಿಸುವಾಗ ಗೋಣಿ ಎತ್ತಿ ನೋಡಿದ್ದಾರೆ. ತಲೆಯಿಲ್ಲದ, ಕತ್ತಿಲ್ಲದ ಮೈ.

“ಗಂಗಾ, ಮುರ್ದೋಗಿದ್ದನ್ನ ಮುಚ್ಚಿಟ್ಕೊಂಡಿದ್ಯಲ್ಲೋ. ಕೆರೆಗೆ ಬಿಟ್ಟು ಬಂದೆ. ಇನ್ನು ನಿನ್ನ ಕೈ ಸರಿಹೋಯ್ತದೆ ನೋಡು.”

ಗಂಗಾಧರಯ್ಯ ಬಾಗಿಲ ಚೌಕಟ್ಟು ಹಿಡಿದು ನಿಂತರು. ಸುಡದ ಮಣ್ಣು, ನೀರಿಗೆ ಬಿದ್ದದ್ದು, ಇಷ್ಟು ಹೊತ್ತಿಗೆ ಕೆಸರಾಗಿ ಹೋಗಿರುತ್ತದೆ. ಅಷ್ಟರಲ್ಲಿ ಗೋವಿಂದಮ್ಮನ ಕಣ್ಣು ನನ್ನ ಕೈಯ ಗಂಟಿನ ಮೇಲೆ ಬಿತ್ತು. ಬಟ್ಟೆ ಸರಿಸಿ ನೋಡಿದರು.

“ಕತ್ತು ನಿಮ್ಮತ್ರ ಇತ್ತಾ? ಕೊಡು ಪಾರ್ವತಿ, ಇದನ್ನೂ ಬಿಟ್ಬುಟ್ಟು ಬತ್ತೀನಿ. ಅರ್ಧ ಉಳೀಬಾರ್ದು.”

ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಿ ತೆರೆದೆ. ಗಂಗಾಧರಯ್ಯ ನಡುಗುವ ಕೈ ಎತ್ತಿ ನನ್ನನ್ನು ತಡೆದರು. ಆಮೇಲೆ, ತೊದಲುತ್ತಾ, ಒಂದೊಂದೇ ಪದ ಹುಡುಕಿ ಹೇಳಿದರು.

“ಅದು ಮುರ್ದಿದ್ದಲ್ಲಮ್ಮ. ಮಾಡಿದ್ದೇ ಅಷ್ಟು. ಈ ಪ್ರಾಣಿ ಕೆರೆಯೊಳಗೆ ನಿಲ್ಲುತ್ತೆ. ಮೈ ನೀರಲ್ಲಿರುತ್ತೆ, ಕತ್ತು ಮಾತ್ರ ಕಾಣುತ್ತೆ.”

ಹಾಗಾದರೆ ಆ ಮೈ ಯಾವುದು ಎಂದು ತಾಯಿ ಕೇಳಿದರು. ಅದು ಹೋದ ವರ್ಷದ್ದು, ಕೆಟ್ಟುಹೋಗಿತ್ತು, ಬಿಟ್ಟು ಬಂದದ್ದೇ ಒಳ್ಳೆಯದಾಯಿತು ಎಂದರು ಮಗ. ಕಾಲರ್ ಹೊಲಿದು ಶರ್ಟು ಎನ್ನಲಾರೆ ಎಂದಿದ್ದ ಮನುಷ್ಯ. ನಾನು ನನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರನೆಯ ದಿನ ಬಿದಿರು ಕಡ್ಡಿಯನ್ನು ಹಸಿಮಣ್ಣಿನ ಮುದ್ದೆಗೆ ಚುಚ್ಚಿ, ಮುದ್ದೆಯ ಮೇಲೆ ಹುಲ್ಲು ಹೊದಿಸಿ, ಕತ್ತನ್ನು ಕನ್ನಡಿಯ ಮಧ್ಯೆ ನಿಲ್ಲಿಸಿದರು. ಅಳತೆ ಸರಿಯಾಗಿತ್ತು. ಮೂರು ಕೊಂಬಿನದು ಅದರ ಪಕ್ಕದಲ್ಲಿ ಕರುವಿನಂತೆ ಕಂಡಿತು. ಮಕ್ಕಳು ಬಂದು, ಕೆರೆಯೊಳಗೆ ಎಷ್ಟು ದೊಡ್ಡ ಮೈ ಇರಬಹುದು ಎಂದು ಬೆರಗಾದರು. ಗಂಗಾಧರಯ್ಯ ಎರಡೂ ಕೈ ಅಗಲಿಸಿ, ಇಷ್ಟು ಎಂದು ತೋರಿಸುತ್ತಿದ್ದರು. ಕೈ ಅಲುಗುತ್ತಿದ್ದುದರಿಂದ ಅಳತೆ ನಿಲ್ಲುತ್ತಿರಲಿಲ್ಲ.

ಅದರ ಮುಂದಿನ ವರ್ಷ ಅವರು ಕತ್ತರಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿ ಮುಚ್ಚಿತು. ಕುರ್ಚಿಯಲ್ಲಿ ಕೂತೇ ತಾಯಿ ಗೊಂಬೆ ಕೂರಿಸುವುದನ್ನು ನೋಡಿದರು. ಎಂಬತ್ತೈದರ ಬೇಸಿಗೆಯಲ್ಲಿ ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ.

ಎಂಬತ್ತಾರರ ದಸರೆಗೆ ಗೋವಿಂದಮ್ಮ ನನ್ನನ್ನು ಕರೆದರು. ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಸಿಕೊಟ್ಟೆ. ಎಲ್ಲ ಗೊಂಬೆಗಳನ್ನೂ ಹಳೆಯ ಪೇಪರಿನಲ್ಲಿ ಸುತ್ತಿದ್ದರು, ಕತ್ತನ್ನು ಮಾತ್ರ ತಮ್ಮ ಮದುವೆಯ ಸೀರೆಯ ತುಂಡಿನಲ್ಲಿ. ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಮಣ್ಣಿನ ಮುದ್ದೆ ಎಂದೋ ಒಣಗಿ ಉದುರಿತ್ತು, ಬುಡದ ಕಡ್ಡಿ ಹೊರಗೆ ಚಾಚಿತ್ತು. ಅದನ್ನು ಬೆರಳಲ್ಲಿ ಸವರುತ್ತಾ ನನ್ನ ಮುಖ ನೋಡದೆ ಮಾತಾಡಿದರು.

“ಆ ಮೈ ಭುಜದಲ್ಲಿ ಒಂದು ತೂತಿತ್ತು ಪಾರ್ವತಿ. ನೀರಿಗೆ ಇಳಿಸೋವಾಗ ಜಾರ್ತಿತ್ತು ಅಂತ ಅದಕ್ಕೇ ಬೆರಳು ಹಾಕಿ ಹಿಡ್ಕೊಂಡಿದ್ದೆ. ಆ ವರ್ಷ ಹಬ್ಬ ಮುಗಿಸಿ ಗೊಂಬೆ ಸುತ್ತಿಡೋವಾಗ ಈ ಕಡ್ಡಿ ಕಾಣ್ತು.”

ಆಗಲೇ ಗೊತ್ತಾಗಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ನನಗೋಸ್ಕರ ಹೇಳಿದ ಮಾತು, ಅದನ್ನು ಹೇಗೆ ಸುಳ್ಳು ಮಾಡಲಿ ಎಂದರು. ಆಮೇಲೆ, ತಮಗೆ ಗೊತ್ತಾದದ್ದು ಗಂಗನಿಗೆ ಗೊತ್ತಿತ್ತೇ ಎಂದು ಕೇಳಿದರು.

“ಇಲ್ಲ ಗೋವಿಂದಮ್ಮ, ಗೊತ್ತಿರ್ಲಿಲ್ಲ” ಎಂದೆ. ನಿಜವೇನೆಂದು ನನಗೂ ಗೊತ್ತಿಲ್ಲ.

ಅವರು ತಾವೇ ಮಣ್ಣು ಕಲಸಿ ಕಡ್ಡಿಯನ್ನು ಚುಚ್ಚಿದರು. ಕತ್ತನ್ನು ಕನ್ನಡಿಯ ಮಧ್ಯೆ ನಿಲ್ಲಿಸಿ, ಗಾಜಿನ ಮೇಲೆ ಬೆರಳಿನ ಕಲೆ ಬಿದ್ದಿತ್ತೆಂದು ಸೆರಗಿನಿಂದ ಒರೆಸಲು ಬಗ್ಗಿದರು. ಮೈ ಇರಬೇಕಾದ ಜಾಗದಲ್ಲಿ ಅವರ ಮುಖ ಕಾಣಿಸಿತು.