ಕಚ್ಚಿ ಕೊಟ್ಟ ತುಣುಕು

ಅವಳನ್ನು ಎಲ್ಲರೂ ಪಥ್ಯದಕ್ಕ ಎಂದೇ ಕರೆಯುತ್ತಿದ್ದರು. ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ಊಟ ಬೇಯಿಸಿದವಳು. ಉಪ್ಪಿಲ್ಲದ್ದು, ಎಣ್ಣೆಯಿಲ್ಲದ್ದು, ಸಿಪ್ಪೆಯಿಲ್ಲದ್ದು, ಒಟ್ಟಿನಲ್ಲಿ ನಾಲಗೆಗೆ ಏನೂ ಇಲ್ಲದ್ದು. ಬೇಯಿಸಿದವರು ತಾವೇ ಒಂದು ತುತ್ತು ತಿಂದು ನೋಡದೆ ಯಾವ ಪಾತ್ರೆಯೂ ಬಾಗಿಲು ದಾಟಬಾರದು ಎಂಬುದು ಅಲ್ಲಿನ ನಿಯಮ. ಹಾಗಾಗಿ ಊರಿನ ಕಾಯಿಲೆಗಳನ್ನೆಲ್ಲ ಅವಳು ಚಮಚದಲ್ಲಿ ರುಚಿ ನೋಡಿದ್ದಳು. ಅವಳ ಮಾತೂ ಸಪ್ಪೆಯಾಗಿತ್ತು ಅಂದುಕೊಂಡರೆ ನೀವು ಮೋಸ ಹೋದಿರಿ. ಅಡುಗೆಗೆ ಹಾಕದೆ ಉಳಿಸಿದ ಖಾರವನ್ನೆಲ್ಲ ಅವಳು ಮಾತಿಗೆ ಸುರಿಯುತ್ತಿದ್ದಳು.

ಆಸ್ಪತ್ರೆಯವರು ಅಡುಗೆಮನೆಯನ್ನು ಗುತ್ತಿಗೆಗೆ ಕೊಟ್ಟ ದಿನ ಹಳಬರನ್ನೆಲ್ಲ ಮನೆಗೆ ಕಳಿಸಿದರು. ಗಂಡ ಎಂದೋ ಬಿಟ್ಟುಹೋಗಿದ್ದ, ಮಕ್ಕಳಿರಲಿಲ್ಲ. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ತಂಗಿಯ ಜೊತೆ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಅವಳ ವಾಸ. ಐವತ್ತನಾಲ್ಕರ ಹೆಂಗಸನ್ನು ಕೆಲಸಕ್ಕೆ ಕರೆಯುವವರು ಯಾರು? ನಾಲ್ಕು ತಿಂಗಳು ಕಳೆದ ಮೇಲೆ ಒಂದು ಕರೆ ಬಂತು. ಹಲ್ಲಿನ ಡಾಕ್ಟರೊಬ್ಬರ ಮನೆಯಲ್ಲಿ ಪಥ್ಯದ ಅಡುಗೆಯವರು ಬೇಕಂತೆ, ಮನುಷ್ಯರಿಗಲ್ಲ, ನಾಯಿಗೆ. ತಂಗಿ ಬಿದ್ದು ಬಿದ್ದು ನಕ್ಕಳು. ಪಥ್ಯದಕ್ಕ ನಗಲಿಲ್ಲ. ಮನುಷ್ಯರು ಹೇಗೂ ಒಂದು ದಿನವೂ ಒಳ್ಳೆಯ ಮಾತು ಹೇಳಿದ್ದಿಲ್ಲ, ನಾಯಿಯನ್ನೂ ನೋಡಿಬಿಡೋಣ ಎಂದು ಹೊರಟಳು.

ನಾಯಿ ಕಂದು ಬಣ್ಣದ್ದು, ಇಳಿಬಿದ್ದ ಕಿವಿಯದು, ಏಳು ವರ್ಷದ್ದು. ಆದರೂ ಮನೆಯಲ್ಲಿ ಅದನ್ನು ಮರಿ ಎಂದೇ ಕರೆಯುತ್ತಿದ್ದರು. ಅದರ ಹೊಟ್ಟೆಯೊಳಗೆ ಕೊಬ್ಬು ಅರಗಿಸುವ ಅಂಗವೇ ಕೆಟ್ಟಿತ್ತು. ಜಿಡ್ಡು ಸೋಕಿದರೆ ಸಾಕು, ಬೆನ್ನು ಬಿಲ್ಲಾಗಿಸಿ, ಮುಂಗಾಲು ಚಾಚಿ ನಡುಗುತ್ತ ನಿಲ್ಲುತ್ತಿತ್ತು, ಆಮೇಲೆ ವಾಂತಿ. ಇನ್ನೊಂದು ಸಲ ಜೋರಾಗಿ ಬಂದರೆ ಉಳಿಯುವುದು ಕಷ್ಟ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪವೇ ಕೊಡಿ, ಹಸಿದೂ ಇರಬಾರದು ಎಂದು ಪ್ರಾಣಿಗಳ ಡಾಕ್ಟರು ಹೇಳಿದ್ದರು.

ಅವಳು ಇದನ್ನು ಆಸ್ಪತ್ರೆಯ ಕೆಲಸದಷ್ಟೇ ಗಂಭೀರವಾಗಿ ತೆಗೆದುಕೊಂಡಳು. ಕೋಳಿಯ ಎದೆಯ ಮಾಂಸವನ್ನು ಚರ್ಮ, ಬಿಳಿ ಕೊಬ್ಬು ಎಳ್ಳಷ್ಟೂ ಉಳಿಯದಂತೆ ಬಿಡಿಸಿ, ಕಾಗದದಷ್ಟು ತೆಳ್ಳಗೆ ಸೀಳಿ, ಓವನ್ನಿನ ಸಣ್ಣ ಬಿಸಿಯಲ್ಲಿ ಒಣಗಿಸುತ್ತಿದ್ದಳು. ಸಿಹಿಗೆಣಸನ್ನು ಬಿಲ್ಲೆ ಬಿಲ್ಲೆ ಮಾಡಿ ಅಗಿಯುವ ಹಾಗೆ ಬಾಡಿಸುತ್ತಿದ್ದಳು. ಕುಂಬಳಕಾಯಿ ಬೇಯಿಸಿ ಹಿಸುಕಿ, ಹೆಬ್ಬೆರಳಿನಷ್ಟು ಉಂಡೆ ಕಟ್ಟಿ ಫ್ರೀಜರಿನಲ್ಲಿಡುತ್ತಿದ್ದಳು. ಸೇಬಾದರೆ ಬೀಜ ತೆಗೆದು. ಅಗಿಯಲು ಕೊಡುವ ಯಾವುದನ್ನೇ ಆಗಲಿ ಮೊದಲು ಉಗುರಿನಿಂದ ಒತ್ತಿ ನೋಡುವಳು, ಗುರುತು ಬಿದ್ದರೆ ನಾಯಿಗೆ, ಬೀಳದಿದ್ದರೆ ಕಸಕ್ಕೆ. ಮೂಳೆ, ನಾಯಿಗಳು ಅಗಿಯಲೆಂದು ಅಂಗಡಿಯಲ್ಲಿ ಮಾರುವ ತೊಗಲಿನ ಕಡ್ಡಿ, ಕರಿದದ್ದು, ಚೀಸು ಹೊಸಿಲು ದಾಟುವ ಹಾಗಿರಲಿಲ್ಲ. ಎರಡೇ ತಿಂಗಳಲ್ಲಿ ಮರಿಯ ಪಕ್ಕೆಲುಬುಗಳು ಮುಚ್ಚಿಕೊಂಡವು, ಕೂದಲು ಮಿರಮಿರ ಮಿಂಚಿತು. ಅದು ಅವಳನ್ನು ಕಂಡರೆ ಇಡೀ ಮೈಯನ್ನೇ ಅಲ್ಲಾಡಿಸುತ್ತಿತ್ತು. ತನ್ನ ಜೀವಮಾನದಲ್ಲಿ ತನಗಾಗಿ ಯಾರಾದರೂ ಬಾಗಿಲಲ್ಲಿ ಕಾದಿದ್ದು ಇದೇ ಮೊದಲು ಎಂಬುದು ಅವಳಿಗೆ ಗೊತ್ತಿತ್ತು.

ತೊಂದರೆ ಇದ್ದದ್ದು ಮುದುಕನದು. ಹಲ್ಲಿನ ಡಾಕ್ಟರಮ್ಮನ ಅಪ್ಪ ಒಂದು ಕಾಲದಲ್ಲಿ ಯಾವುದೋ ಕಾರ್ಖಾನೆಯ ಮ್ಯಾನೇಜರು. ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿ ಗಾಲಿಕುರ್ಚಿ ಹಿಡಿದಿದ್ದ. ಉಳಿದದ್ದು ಬಲಗೈ ಮತ್ತು ನಾಲಗೆ, ಕಳೆದುಹೋದದ್ದರ ಕೆಲಸವನ್ನೆಲ್ಲ ಆ ನಾಲಗೆಯೇ ವಹಿಸಿಕೊಂಡಿತ್ತು. ಅವಳನ್ನು ಅವನು ಏ ಸಪ್ಪೆ ಎಂದು ಕೂಗುತ್ತಿದ್ದ. ಗಂಡ ಯಾಕೆ ಬಿಟ್ಟುಹೋದ ಅಂತ ಈ ಅಡುಗೆ ತಿಂದರೆ ಗೊತ್ತಾಗುತ್ತೆ ಎಂದು ಬಂದವರೆದುರಿಗೆ ಹೇಳುತ್ತಿದ್ದ. ಮಗಳು ಅಪ್ಪಾ ಸಾಕು ಎನ್ನುವಳು, ಬಂದವರು ನಗುವರು, ಅವಳು ತಟ್ಟೆ ಎತ್ತುವಳು.

ಮರಿ ಅವನ ನಾಯಿ. ಅಂಗೈಯಗಲ ಇದ್ದಾಗ ಅವನೇ ತಂದದ್ದು. ಊಟದ ಹೊತ್ತಿಗೆ ಅದು ಅವನ ಕುರ್ಚಿಯ ಬಳಿ ಕೂರುವುದು, ಅವನು ತನ್ನ ತಟ್ಟೆಯ ಹುರಿದ ಮಾಂಸದ ತುಂಡೋ ಬೆಣ್ಣೆ ಸವರಿದ ಬ್ರೆಡ್ಡೋ ಅಂಗೈಯಲ್ಲಿಟ್ಟು ಮೇಜಿನ ಕೆಳಗಿನಿಂದ ದಾಟಿಸುವುದು, ಇದು ಏಳು ವರ್ಷದ ಅಭ್ಯಾಸ. ಅವಳು ಬಂದ ಮೇಲೂ ಎರಡು ಸಲ ಹೀಗೆ ಕೊಟ್ಟು ಅದನ್ನು ಸಾವಿನ ಬಾಯಿಗೆ ತಳ್ಳಿದ್ದ. ಮಗಳು ಬೇಡಿಕೊಂಡಳು, ಗದರಿದಳು, ಅತ್ತಳು. ಮುದುಕ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕೈಯಿಂದ ತಿನ್ನದ ಮೇಲೆ ಅದು ನನ್ನ ನಾಯಿ ಹೇಗಾಗುತ್ತೆ ಎಂದ.

ಆ ಮಾತು ಕೇಳಿದ ದಿನವೇ ಪಥ್ಯದಕ್ಕ ಔಷಧಿ ಅಂಗಡಿಗೆ ಹೋಗಿ, ಉಗುರು ಕಚ್ಚುವ ಮಕ್ಕಳ ಬೆರಳಿಗೆ ಹಚ್ಚುವ ಕಹಿ ದ್ರವದ ಒಂದು ಸೀಸೆ ತಂದಳು. ಊಟಕ್ಕೆ ಕೂರಿಸುವ ಮುಂಚೆ ಒದ್ದೆ ಬಟ್ಟೆಯಿಂದ ಮುದುಕನ ಕೈ ಒರೆಸುವುದು ಅವಳ ಕೆಲಸ. ಅಂದಿನಿಂದ ಬಟ್ಟೆಗೆ ನಾಲ್ಕು ಹನಿ ಹಾಕಿ, ಅವನ ಬಾಯಿಗೆ ತಾಗದಂತೆ ಬೆರಳ ತುದಿ ಬಿಟ್ಟು, ಉಳಿದ ಕೈಗೆಲ್ಲ ಚೆನ್ನಾಗಿ ಉಜ್ಜತೊಡಗಿದಳು. ಮುದುಕ ತಿನ್ನುತ್ತಿದ್ದದ್ದು ಚಮಚದಲ್ಲಿ, ಅವನಿಗೆ ತಿಳಿಯುವಂತಿರಲಿಲ್ಲ. ಸೋಫಾದ ಕೆಳಗೆ, ಅಂಗಳದಲ್ಲಿ, ಬಾಗಿಲ ಬಳಿ ಅದೇ ಕಹಿ ಸವರಿದ ಕೋಳಿ ತುಣುಕುಗಳನ್ನು ಚೆಲ್ಲಿದಳು. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಆಸ್ಪತ್ರೆಯ ಅಭ್ಯಾಸದಂತೆ ತಾನೊಂದು ಚೂರು ಕಚ್ಚಿ, ಉಳಿದದ್ದನ್ನು ಮರಿಗೆ ಕೊಟ್ಟಳು. ಅದು ಸಿಹಿ. ಒಂದೇ ತಿಂಗಳಲ್ಲಿ ನಾಯಿ ಪಾಠ ಕಲಿಯಿತು: ಕಣ್ಣೆದುರಿಗೆ ಕಚ್ಚಿ ಕೊಟ್ಟದ್ದು ಊಟ, ಮಿಕ್ಕದ್ದೆಲ್ಲ ಕಹಿ.

ಇದು ನಾಯಿಯನ್ನು ಉಳಿಸಿತು, ಸುಳ್ಳಲ್ಲ. ಆದರೆ ಮೇಜಿನ ಕೆಳಗೆ ಚಾಚಿದ ಆ ಕೈಯನ್ನು ಮೂಸಿ ಮರಿ ಮುಖ ತಿರುಗಿಸಿದಾಗ ಮುದುಕನ ಮುಖ ಕಪ್ಪಿಟ್ಟದ್ದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು, ಅದೂ ಸುಳ್ಳಲ್ಲ. ಯಾರಿಗೂ ಹೇಳಲಿಲ್ಲ. ನಿಮ್ಮ ಮೇಲೆ ಅದಕ್ಕೆಷ್ಟು ಪ್ರೀತಿ ನೋಡಿ, ನಾನು ಕೊಟ್ಟರೂ ಮುಟ್ಟಲ್ಲ ಎಂದು ಡಾಕ್ಟರಮ್ಮ ಹೊಗಳಿದರೆ ತಲೆ ತಗ್ಗಿಸಿ ಪಾತ್ರೆ ಉಜ್ಜುವಳು. ಭಾನುವಾರವೂ ರಜೆ ಹಾಕಲಿಲ್ಲ. ತಾನಿಲ್ಲದೆ ಆ ಮನೆಯಲ್ಲಿ ಒಂದು ಜೀವ ಉಣ್ಣುವುದಿಲ್ಲ ಎಂಬುದು ಅವಳಿಗೆ ಇಷ್ಟವಾಗಿಬಿಟ್ಟಿತ್ತು.

ಮುದುಕ ಸುಮ್ಮನಿರುವ ಪೈಕಿಯಲ್ಲ. ಗೇಟಿನ ಕಾವಲುಗಾರನಿಗೆ ಹೇಳಿ, ಹೊಗೆಯಲ್ಲಿ ಹದ ಮಾಡಿದ ತೊಗಲಿನ ಕಡ್ಡಿಗಳ ಒಂದು ಪೊಟ್ಟಣ ತರಿಸಿದ. ಹಲ್ಲಿನಿಂದ ಅದನ್ನು ಹರಿದು, ಮರಿ ಮಲಗುವ ಚಾಪೆಯ ಮೇಲೆ ಕೊಡವಿದ. ಕೈಯಿಂದ ಬೇಡವಾದರೆ ಹೀಗಾದರೂ ತಿನ್ನಲಿ, ತಾನು ಕೊಟ್ಟದ್ದನ್ನು ತಿನ್ನಲಿ, ಅಷ್ಟೇ ಅವನ ಆಸೆ. ಕೊಬ್ಬಿನ ಘಮ ಮೂಗಿಗೆ ಬಡಿದ ಮೇಲೆ ಕಲಿತ ಪಾಠ ಎಷ್ಟು ಹೊತ್ತು ನಿಂತೀತು? ಮರಿ ಮೂರು ಕಡ್ಡಿ ನುಂಗಿತು. ಸಂಜೆಯ ಹೊತ್ತಿಗೆ ರಕ್ತ ಕಾರುತ್ತಿತ್ತು.

ವಾಂತಿಯಲ್ಲಿ ತೊಗಲಿನ ಚೂರು ಸಿಕ್ಕಿತು. ಕೊಟ್ಟವರು ಯಾರು ಎಂದು ಡಾಕ್ಟರಮ್ಮ ಕೇಳಿದಾಗ ಮುದುಕ ಮಗಳ ಮುಖ ನೋಡಿದ, ಅಡುಗೆಯವಳ ಮುಖ ನೋಡಿದ. "ನನ್ನ ಕೈಯಿಂದ ಅದು ಏನೂ ತಗೊಳಲ್ಲ ಅಂತ ನಿನಗೇ ಗೊತ್ತಲ್ಲ. ಅದು ತಿನ್ನೋದು ಒಬ್ಬಳ ಕೈಯಿಂದ" ಎಂದ. ತಾನೇ ಹೆಣೆದ ಬಲೆ ತನ್ನ ಕೊರಳಿಗೇ ಬಿದ್ದದ್ದು ಪಥ್ಯದಕ್ಕನಿಗೆ ತಕ್ಷಣ ಅರ್ಥವಾಯಿತು. ನಾನಲ್ಲ ಎಂದಳು. ಹಾಗಾದರೆ ಇನ್ಯಾರು ಎಂಬುದಕ್ಕೆ ಸೀಸೆಯ ಕಥೆ ಬಿಚ್ಚದೆ ಉತ್ತರ ಕೊಡುವ ಹಾಗಿರಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಡಾಕ್ಟರಮ್ಮ ನಾಯಿಯನ್ನೆತ್ತಿಕೊಂಡು ಕಾರು ಹತ್ತಿದಳು.

ಎರಡು ದಿನ ಮರಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಗಂಡಾಂತರ ಕಳೆದಿದೆ, ಇನ್ನು ಅದು ತಾನಾಗಿ ತಿನ್ನಬೇಕು, ತಿಂದರೆ ಬದುಕುತ್ತೆ ಎಂದು ಮನೆಗೆ ಕಳಿಸಿದರು. ಮೂರನೆಯ ದಿನ ಡಾಕ್ಟರಮ್ಮನ ಫೋನು ಬಂತು. ಕುಂಬಳಕಾಯಿಗೆ ಏನು ಹಾಕುತ್ತಿದ್ದಿರಿ, ಕೋಳಿ ಎಷ್ಟು ಹೊತ್ತು ಒಣಗಿಸುತ್ತಿದ್ದಿರಿ, ಏನು ಕೊಟ್ಟರೂ ಬಾಯಿ ತೆರೆಯುತ್ತಿಲ್ಲ ಎಂದು ಕೇಳಿದಳು. ಪಥ್ಯದಕ್ಕ ಎಲ್ಲವನ್ನೂ ಎಳೆ ಎಳೆಯಾಗಿ ವಿವರಿಸಿದಳು. ಯಾವುದರಲ್ಲೂ ಒಂದಿಷ್ಟೂ ಸುಳ್ಳಿರಲಿಲ್ಲ. ಮೊದಲು ನೀವೊಂದು ಚೂರು ಕಚ್ಚಿ ಆಮೇಲೆ ಕೊಡಿ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಕೆಂಪಾದ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ತಂಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫೋನು ಇಟ್ಟ ಮೇಲೆ ಹೇಳಿದಳು: "ಅಕ್ಕಾ, ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೋ ಮುಚ್ಚಿಡ್ತಿದ್ದೀಯ. ಮೂಕಪ್ರಾಣಿ ಅದು. ಹೇಳ್ಬಿಡು."

"ಎರಡು ದಿನ ಹಸಿದ್ರೆ ಯಾರೂ ಸಾಯಲ್ಲ. ಆಸ್ಪತ್ರೇಲಿ ಎಷ್ಟು ಜನಾನ ನೋಡಿಲ್ಲ ನಾನು" ಎಂದಳು ಪಥ್ಯದಕ್ಕ.

ನಾಯಿ ಸಾಯಲಿ ಎಂದು ಅವಳು ಬಯಸಲಿಲ್ಲ. ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಆ ಮುದುಕ ಸುಳ್ಳು ಹೇಳಿ, ಬೆಚ್ಚಗೆ ಕುರ್ಚಿಯಲ್ಲಿ ಕೂತಿದ್ದಾನೆ ಎಂಬುದನ್ನು ನೆನೆದಾಗ ಮೈ ಉರಿಯುತ್ತಿತ್ತು, ಆ ಉರಿಯಲ್ಲಿ ನಾಯಿ ಕಾಣುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಬ್ಬ ರೋಗಿಗೂ ತಪ್ಪು ತುತ್ತು ಕೊಟ್ಟವಳಲ್ಲ ಅವಳು. ಅಂಥವಳ ತಲೆಗೆ ಇದನ್ನು ಕಟ್ಟಿದ್ದ.

ನಾಲ್ಕನೆಯ ದಿನ ಡಾಕ್ಟರಮ್ಮ ಅಳುತ್ತಲೇ ಫೋನು ಮಾಡಿದಳು. ನನ್ನದೇ ತಪ್ಪು ಅಂದುಕೊಳ್ಳಿ, ಒಂದು ಸಲ ಬಂದು ತಿನ್ನಿಸಿ ಹೋಗಿ, ಎದ್ದು ನಿಲ್ಲಲೂ ಆಗುತ್ತಿಲ್ಲ, ಇನ್ನು ಡ್ರಿಪ್ ಹಾಕಿ ಉಪಯೋಗವಿಲ್ಲ ಅಂತಾರೆ ಎಂದಳು. ಪಥ್ಯದಕ್ಕ ಬರುವುದಿಲ್ಲ ಎನ್ನಲಿಲ್ಲ, ಒಂದು ಷರತ್ತು ಹಾಕಿದಳು. "ಆ ಕಡ್ಡಿ ಕೊಟ್ಟೋರು ಯಾರು ಅಂತ ನಿಮ್ಮಪ್ಪ ಅವರ ಬಾಯಿಂದ ಹೇಳ್ಲಿ ಮೇಡಂ. ಆಮೇಲೆ ನಾನು ಓಡಿ ಬರ್ತೀನಿ." ಅತ್ತ ಕಡೆ ಫೋನು ಕೈ ಬದಲಾಯಿಸಿದ್ದು ಕೇಳಿಸಿತು. ಮುದುಕನ ಉಸಿರು ಕೇಳಿಸಿತು. ಅವನು ಫೋನು ಇಟ್ಟುಬಿಟ್ಟ. ಆ ದಿನ ಸಂಜೆ ಅವಳು ಎರಡು ಸಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದಳು, ಎರಡು ಸಲವೂ ಬಿಚ್ಚಿಟ್ಟು ಒಳಗೆ ಬಂದಳು. ಐದನೆಯ ದಿನ ಫೋನು ಬರಲಿಲ್ಲ. ಮುದುಕ ಬಾಗುತ್ತಿದ್ದಾನೆ, ಇನ್ನೊಂದು ದಿನ ಬಿಗಿ ಹಿಡಿದರೆ ಸಾಕು ಎಂದುಕೊಂಡಳು.

ಆರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಕಾರಿನ ಡ್ರೈವರು ಮುದುಕನನ್ನು ಮೂರು ಮಹಡಿ ಬೆನ್ನ ಮೇಲೆ ಹೊತ್ತು ತಂದಿದ್ದ. ಇದ್ದ ಒಂದೇ ಕುರ್ಚಿಯಲ್ಲಿ ಅವನನ್ನು ಇಳಿಸಿ, ಡ್ರೈವರು ಹೊರಗೆ ಹೋಗಿ ನಿಂತ. ಪಥ್ಯದಕ್ಕ ಬನ್ನಿ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ. ಗೋಡೆಗೆ ಒರಗಿ ಕೈ ಕಟ್ಟಿ ನಿಂತಳು. ಕೊನೆಗೂ ಬಾಗಿದ ಎಂದು ಅವಳಿಗೆ ಒಳಗೊಳಗೇ ಸಂತೋಷ.

ಮುದುಕ ಸುತ್ತಿಬಳಸದೆ ಹೇಳಿದ. ಕಡ್ಡಿ ತರಿಸಿದ್ದು ತಾನೇ, ಹಾಕಿದ್ದು ತಾನೇ, ಸುಳ್ಳು ಹೇಳಿದ್ದೂ ತಾನೇ. ಮಗಳಿಗೆ ಎಲ್ಲ ಹೇಳಿಯಾಗಿದೆ. ಸಪ್ಪೆ ಎಂದು ಕರೆದದ್ದು ತಪ್ಪು, ಗಂಡನ ವಿಷಯ ಎತ್ತಿದ್ದು ಅದಕ್ಕಿಂತ ದೊಡ್ಡ ತಪ್ಪು. ಅವಳು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿಸಿಕೊಂಡಳು. ಬಂದವರೆದುರು ಹೇಳುತ್ತಿದ್ದಿರಲ್ಲ, ಅದನ್ನೂ ಹೇಳಿ ಎಂದಳು. ಅದನ್ನೂ ಹೇಳಿದ. ಆಗ ಅವಳು ಒಳಗೆ ಹೋಗಿ ಚೀಲ ತಂದಳು, ಚಪ್ಪಲಿಗೆ ಕಾಲು ತೂರಿಸಿದಳು. "ನಡೀರಿ ಯಜಮಾನ್ರೇ, ಹೊತ್ತಾಯ್ತು. ಮರಿಗೆ ಹಸಿವಾಗಿರುತ್ತೆ."

"ಅದನ್ನ ಬೆಳಿಗ್ಗೆ ಮಣ್ಣು ಮಾಡಿದ್ವಿ" ಎಂದ ಮುದುಕ.

ಅವಳು ಚೀಲ ಹಿಡಿದುಕೊಂಡೇ ನಿಂತಳು. ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಬಾ ಬಾ ಬಾ ಎಂದು ಇನ್ಯಾರೋ ಕೂಗುತ್ತಿದ್ದರು.

"ಒಂದೇ ಒಂದು ಕೇಳೋಕೆ ಬಂದೆ" ಎಂದ ಅವನು. "ಮೂರು ದಿನ ಅದರ ಪಕ್ಕ ನೆಲದ ಮೇಲೇ ಮಲಗಿದ್ದೆ. ತಿನ್ನಿಸ್ತಾನೇ ಇದ್ದೆ. ಅದಕ್ಕೆ ಹಸಿವಿತ್ತು ಕಣಮ್ಮ, ಜೊಲ್ಲು ಸುರೀತಿತ್ತು. ನನ್ನ ಕೈ ನೋಡೋದು, ಮುಖ ಆಚೆ ತಿರುಗಿಸೋದು. ಸಣ್ಣ ಮರಿ ಇದ್ದಾಗ ಈ ಕೈಯಲ್ಲೇ ಹಾಲು ಕುಡಿಸಿದ್ದೆ. ನನ್ನ ಕಂಡ್ರೆ ಯಾಕೆ ಹಾಗಾಯ್ತು ಅದಕ್ಕೆ? ನಿನಗೆ ಗೊತ್ತಿರುತ್ತೆ. ಹೇಳು."

ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಮುದುಕ ಕೂಗಾಡುತ್ತಿದ್ದ, ಶಪಿಸುತ್ತಿದ್ದ, ಆದರೆ ಮರಿ ತನ್ನನ್ನು ದ್ವೇಷಿಸಲಿಲ್ಲ ಎಂಬುದನ್ನು ಮನೆಗೆ ಒಯ್ಯುತ್ತಿದ್ದ. ಅವಳಿಗೆ ಆ ಕ್ಷಣ ತಾನು ಕೊಂದೆ ಎಂಬುದು ಪೂರ್ತಿ ತಿಳಿದಿತ್ತು. ಆ ಭಾರವನ್ನು ಒಬ್ಬಳೇ ಹೊರಲಾರೆ ಎಂದೂ ತಿಳಿದಿತ್ತು, ಎದುರಿಗೆ ಹೊರಲು ಸಿದ್ಧವಾಗಿ ಒಬ್ಬ ಕೂತಿದ್ದ.

"ಮೂಕಪ್ರಾಣಿಗೆ ಎಲ್ಲಾ ಗೊತ್ತಾಗುತ್ತೆ ಯಜಮಾನ್ರೇ" ಎಂದಳು. "ಯಾರ ಕೈ ಎಂಥದ್ದು ಅಂತ."

ಏನೆಂದೆ ಎಂದು ಅವನು ಮೇಲೆ ಬೀಳುತ್ತಾನೆ, ಜಗಳ ತೆಗೆಯುತ್ತಾನೆ, ಎಳೆದಾಡಿ ನಿಜವನ್ನು ತನ್ನ ಬಾಯಿಂದ ಹೊರಡಿಸಿಬಿಡುತ್ತಾನೆ ಎಂದು ಅವಳು ಕಾದಳು. ಮುದುಕ ನಂಬಿಬಿಟ್ಟ. ಹೌದು, ಹಾಗೇ ಇರಬೇಕು ಎಂದು ತಲೆಯಾಡಿಸಿದ. ನೀನಾದರೂ ಅದಕ್ಕೆ ಒಳ್ಳೆಯವಳಾಗಿದ್ದೆ, ನಿನ್ನ ಕೈಯಲ್ಲಾದರೂ ಕೆಲವು ದಿನ ಸುಖವಾಗಿ ತಿಂತು ಎಂದು ಅವಳಿಗೆ ಕೈ ಮುಗಿಯಲು ಹೋದ, ಎಡಗೈ ಮೇಲೇಳಲಿಲ್ಲ. ಆಮೇಲೆ ಡ್ರೈವರನ್ನು ಕರೆದು ಕೆಳಗೆ ಕರೆದುಕೊಂಡು ಹೋಗು ಎಂದ.