ಅಕ್ಕ ದೋಣಿ ಕಟ್ಟಿದ ಸಂಜೆ

ಕುಣಿಗಲ್ ಕೆರೆ ಏರಿಯ ಮೇಲೆ ಆಡಿ ಬೆಳೆದ ನಮ್ಮಕ್ಕನಿಗೆ ನೀರು ಎಂದರೆ ಇದ್ದಲ್ಲೇ ಇರುವಂಥದು. ಮಳೆಗೆ ತುಂಬುತ್ತದೆ, ಬೇಸಿಗೆಗೆ ತಗ್ಗುತ್ತದೆ. ಮಧ್ಯಾಹ್ನ ಇದ್ದದ್ದು ಸಂಜೆಗೆ ಎದ್ದು ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಅಷ್ಟು ವರ್ಷ ಸಂಸಾರ ಮಾಡಿದರೂ ಸಮುದ್ರದ ಕಡೆ ತಿರುಗಿ ನೋಡಿದವಳಲ್ಲ. ಭಾವ ಗುಬ್ಬಿಯವರು. ಇಂಗ್ಲೆಂಡಿನಲ್ಲೇ ಸಿಟಿ ಬಸ್ಸು ಓಡಿಸಿ ರಿಟೈರ್ ಆದ ಮೇಲೆ ಹಳೆಯದೊಂದು ಸಣ್ಣ ಹಾಯಿದೋಣಿ ಕೊಂಡು, ಕರಾವಳಿಯ ಉದ್ದಕ್ಕೂ ಒಂದು ಬಂದರಿನಿಂದ ಇನ್ನೊಂದಕ್ಕೆ ಒಬ್ಬರೇ ಹೋಗಿಬರುತ್ತಿದ್ದರು.

ಹೋದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದರು. ದೋಣಿ ಮಾರಲೇಬೇಕೆಂದು ಅಕ್ಕ ಹಟ ಹಿಡಿದಳು. ಭಾವ ಜಗಳವಾಡಲಿಲ್ಲ, ಮಾತು ಕಡಿಮೆ ಮಾಡಿದರು, ಊಟವನ್ನೂ. ಕೊನೆಗೆ ಅವಳೇ ಸೋತು, "ಒಂದ್ಸಲ ನಾನೂ ಬರ್ತೀನಿ. ನನ್ ಕಣ್ಣಿಗೆ ಸರಿ ಕಂಡ್ರೆ ಇಟ್ಕಳಿ, ಇಲ್ದಿದ್ರೆ ಮಾರ್ಬಿಡಿ" ಅಂದಳು. ಬಟವಾಡಿಯ ನನ್ನ ಮನೆಯಿಂದ ಚಟ್ನಿಪುಡಿ, ನಿಪ್ಪಟ್ಟು ಹೊತ್ತು ಅವರನ್ನು ನೋಡಲು ಹೋಗಿದ್ದ ನನ್ನನ್ನೂ ಹತ್ತಿಸಿಕೊಂಡರು.

ಅಲೆ ದೊಡ್ಡದೇನಲ್ಲ. ಆದರೂ ನಾನು ದೋಣಿಯ ಅಂಚು ಹಿಡಿದು ನೀರಿನ ಕಡೆ ಬಗ್ಗಿ ಕೂತಿದ್ದೆ.

"ಏನ್ಲಾ ಬಾಮೈದ, ಅಮೃತೂರು ಬಸ್ಸಲ್ಲಿ ಹಿಂದಿನ್ ಸೀಟ್ ಸಿಕ್ದಂಗೆ ಮುಖ ಮಾಡಿದೀಯ!"

"ರೀ, ಅವನನ್ನ ನಗಿಸ್ಬೇಡಿ. ತಿಂದಿದ್ದೆಲ್ಲ ಆಚೆ ಬಂದ್ಬುಡುತ್ತೆ."

ನಕ್ಕವರು ಭಾವ. ಆ ನಗು ಕೇಳಿ ಅಕ್ಕ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಮುಂದಿನ ಬಂದರು ತಲುಪಿದಾಗ ನೀರು ಕಲ್ಲುಗೋಡೆಯ ಅಂಚಿನವರೆಗೂ ತುಂಬಿ ನಿಂತಿತ್ತು. "ನೀವು ಮಾತ್ರೆ ನುಂಗಿ ಮಲಗಿ, ಕಟ್ಟೋದು ನಾವ್ ನೋಡ್ಕತೀವಿ" ಎಂದು ಅಕ್ಕ ಭಾವನನ್ನು ದೋಣಿಯೊಳಗಿನ ಪುಟ್ಟ ಕೋಣೆಗೆ ಕಳಿಸಿದಳು.

"ಹಗ್ಗ ಸಡಿಲ ಬುಡೇ" ಎಂದು ಒಳಗಿಂದ ಕೂಗಿದರು.

"ಹೂಂ, ಬುಟ್ಟಿದೀನಿ" ಎಂದವಳು ಇನ್ನೊಂದು ಸಲ ಜಗ್ಗಿ, ಒದೆಯುವ ಹಸುವನ್ನು ಕಟ್ಟುವಷ್ಟು ಗಿಡ್ಡವಾಗಿ, ದಡದ ಕಬ್ಬಿಣದ ಗೂಟಗಳಿಗೆ ಹಿಂದೊಂದು ಮುಂದೊಂದು ಹಗ್ಗ ಸುತ್ತಿದಳು. ಗಂಡನನ್ನು ಹೊತ್ತ ದೋಣಿ ಎಲ್ಲಿ ತೇಲಿಹೋದೀತೋ ಎಂಬ ಭಯ ಅವಳಿಗೆ.

ಅಕ್ಕ, ನಾನು ಟೀ ಕುಡಿದು, ಮೂರ್ನಾಲ್ಕು ಗಂಟೆ ಪೇಟೆ ಸುತ್ತಿ ಸಂಜೆಗೆ ಬಂದೆವು. ಸಮುದ್ರದ ಇಳಿತಕ್ಕೆ ನೀರು ಆಳಕ್ಕೆ ಇಳಿದಿತ್ತು. ದೋಣಿ ಮಾತ್ರ ಮೇಲೆ, ಗೂಟಕ್ಕೆ ನೇತುಹಾಕಿದ ಚೀಲದಂತೆ ಗೋಡೆಗೆ ವಾಲಿ ತೂಗುತ್ತಿತ್ತು.

"ಅಯ್ಯೋ, ನೀರೆಲ್ಲೋ ಹೋಯ್ತು!"

ಭಾವ ತಲೆ ಹೊರಗೆ ಹಾಕಿದರು. "ಏನೇ, ನನ್ನ ಗೋಡೆಗೆ ನೇತಾಕಿದೀಯಲ್ಲೇ!" ಎನ್ನುತ್ತಲೇ ಹಗ್ಗಕ್ಕೆ ಕೈ ಚಾಚಿದರು.

"ಮುಟ್ಬೇಡಿ! ನನ್ನಾಣೆ!"

ಅವಳ ದನಿ ಒಡೆದಿತ್ತು. ಭಾವ ಕೈ ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ ಹೇಳಿಕೊಟ್ಟರು. "ಪೂರ್ತಿ ಬಿಚ್ಬೇಡ. ಎರಡು ಸುತ್ತು ಗೂಟದ ಮೇಲಿರ್ಲಿ. ಚೂರ್ ಚೂರೇ ಬುಡು. ಲೋ, ನೀನು ಆ ಕಡೇದು ಬುಡು, ಅವಳ ಜೊತೆಜೊತೆಗೆ."

ಅಕ್ಕ ತುಟಿ ಕಚ್ಚಿಕೊಂಡು ಹಗ್ಗ ಬಿಟ್ಟಳು. ದೋಣಿ ಕಿರುಗುಟ್ಟಿತು, ಗೇಣು ಇಳಿಯಿತು, ಮತ್ತೆ ಗೇಣು. ಕೊನೆಗೆ ನೀರು ಮುಟ್ಟಿ ಒಮ್ಮೆ ಮೈ ಕೊಡವಿ ನೆಟ್ಟಗಾಯಿತು. ಅಕ್ಕನ ಅಂಗೈ ಕೆಂಪಾಗಿತ್ತು. ಗೋಡೆಯ ಏಣಿ ಇಳಿದು ದೋಣಿಗೆ ಬಂದವಳ ಕೈಗೆ ಭಾವ ಕೊಬ್ಬರಿ ಎಣ್ಣೆ ಸವರುತ್ತಾ ಕೂತರು.

"ಸರಿ ಕಣೇ, ಮಾರ್ಬುಡೋಣ" ಅಂದರು, ತಲೆ ಎತ್ತದೆ. "ನಿನ್ನ ಇಷ್ಟು ಹೆದರಿಸಿ ನಂಗ್ಯಾಕೆ ದೋಣಿ?"

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ಈಗಿನ್ನೂ ಕಟ್ಟೋದು ಕಲ್ತಿದೀನಿ, ಮಾರ್ತಾರಂತೆ" ಎಂದು ಗದರಿದಳು. "ಒಬ್ರೇ ಹೋಗೋ ಆಟ ಮುಗೀತು, ಅಷ್ಟೆ. ಇನ್ಮೇಲೆ ನಾನಿಲ್ದೆ ಹೊರಡೋ ಹಂಗಿಲ್ಲ. ನಾಳೆ ನೀರು ಎಷ್ಟೊತ್ತಿಗೆ ಏರುತ್ತೆ, ಅದನ್ನ ಹೇಳಿ ಮೊದ್ಲು."

ಭಾವ ಎಣ್ಣೆಗೈಯಲ್ಲೇ ಉಬ್ಬರ ಇಳಿತದ ಪಟ್ಟಿ ಬಿಚ್ಚಿ ಅವಳ ತೊಡೆಯ ಮೇಲೆ ಹರಡಿದರು. ನಾನು ನಿಪ್ಪಟ್ಟಿನ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದೆ.