ಸರಪಳಿ ಮೇಸ್ತ್ರಿಯ ಹನ್ನೊಂದನೇ ಬಾವಿ

ಬೆಳಗಿನ ಆರು ಗಂಟೆ. ಬೇಕರಿಯ ಹಿಂಗೋಡೆಗೆ ತಾಗಿದ ಪುಟ್ಟ ಕಾಂಪೌಂಡಿನಲ್ಲಿ ಐವತ್ತನಾಲ್ಕು ವರ್ಷದ ಎಲೆಕ್ಟ್ರಿಷಿಯನ್ ಒಬ್ಬರು ಗೋಣಿಚೀಲ ಹಾಸಿಕೊಂಡು ಬೋರಲಾಗಿ ಮಲಗಿದ್ದಾರೆ. ಎದುರಿಗೆ ಬಾಯಿ ತೆರೆದ ಹದಿನೆಂಟು ಅಡಿ ಆಳದ ಬಾವಿ. ನಾಲ್ಕು ಬೀದಿಯ ಬಚ್ಚಲು, ಕಕ್ಕಸು, ಅಡುಗೆಮನೆಯ ನೀರೆಲ್ಲ ಬಂದು ಬೀಳುವುದು ಇಲ್ಲಿಗೆ; ಇಲ್ಲಿಂದ ಪಂಪುಗಳು ಅದನ್ನು ದೊಡ್ಡ ಚರಂಡಿಗೆ ಎತ್ತಿ ಹಾಕುತ್ತವೆ. ಪಕ್ಕದಲ್ಲಿ ಬಾವಿಯೊಳಕ್ಕೆ ಗಾಳಿ ಊದುವ ಯಂತ್ರ ಗುಂಯ್‌ಗುಡುತ್ತಿದೆ. ಮುಚ್ಚಳ ತೆಗೆದ ಮೇಲೆ ಅರ್ಧ ಗಂಟೆ ಅದನ್ನು ಓಡಿಸದೆ ಇವರು ಬಾವಿಯ ಹತ್ತಿರ ತಲೆ ಹಾಕುವುದಿಲ್ಲ.

ಉದ್ದನೆಯ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ್ದಾರೆ. ಕೆಳಗಿನ ಪೈಪಿಗೆ ಬಿಗಿದಿರುವ ನಾಲ್ಕು ಫ್ಲೋಟ್‌ಗಳ ವಯರನ್ನು ಅದರಿಂದ ಒಂದೊಂದಾಗಿ ಕತ್ತರಿಸಿ ಮೇಲಕ್ಕೆ ತೆಗೆಯಬೇಕು. ಪಂಪಿನ ಕರೆಂಟು ತೆಗೆದಾಗಿದೆ, ಬಾವಿ ತುಂಬುತ್ತಿದೆ. ‘ಎರಡು ಗಂಟೆ ಟೈಮು. ಆಮೇಲೆ ಎಲ್ಲಾರೂ ಎದ್ದು ಸ್ನಾನಕ್ಕೆ ಹೋಗ್ತಾರೆ, ನಮ್ಮ ಗತಿ ಮುಗೀತು’ ಎನ್ನುತ್ತಾರೆ ತಲೆ ಎತ್ತದೆ.

ಫ್ಲೋಟ್ ಎಂದರೆ ಪೇರಳೆ ಹಣ್ಣಿನ ಗಾತ್ರದ, ಒಳಗೊಂದು ಸ್ವಿಚ್ ಇರುವ ಪ್ಲಾಸ್ಟಿಕ್ ಗುಂಡು. ನೀರು ಏರಿದರೆ ತೇಲಿ ವಾಲುತ್ತದೆ, ವಾಲಿದರೆ ಸ್ವಿಚ್ ಬೀಳುತ್ತದೆ. ಎಲ್ಲಕ್ಕಿಂತ ಕೆಳಗಿನದು ಪಂಪ್ ನಿಲ್ಲಿಸಲು, ಎರಡನೆಯದು ಮೊದಲ ಪಂಪ್ ಓಡಿಸಲು, ಮೂರನೆಯದು ಅದರ ಜೊತೆಗೆ ಇನ್ನೊಂದನ್ನೂ ಓಡಿಸಲು, ಮೇಲಿನದು ಗಂಟೆ ಬಾರಿಸಲು. ಗಂಟೆಗೆ ಇವರು ಬೇರೆಯದೇ ಲೈನ್ ಕೊಡುತ್ತಾರೆ. ಪಂಪಿನ ಫ್ಯೂಸ್ ಹೋದಾಗಲೇ ಗಂಟೆಯೂ ಬಾಯಿ ಮುಚ್ಚಿಕೊಂಡರೆ ಅದು ಇದ್ದೇನು ಪ್ರಯೋಜನ? ಬಾವಿಯೊಳಗೆ ವಯರಿನ ಒಂದು ಜೋಡಣೆಯೂ ಇರಕೂಡದು ಎಂಬುದು ಇನ್ನೊಂದು ಹಟ.

ಇಪ್ಪತ್ತೆಂಟು ವರ್ಷದಲ್ಲಿ ಅರವತ್ತಮೂರು ಪಂಪ್‌ಹೌಸ್‌ಗಳಿಗೆ ವಯರಿಂಗ್ ಮಾಡಿದ್ದಾರೆ. ಫ್ಲಶ್ ಗುಂಡಿ ಒತ್ತಿ, ಸದ್ದಾಯಿತೆಂದರೆ ಮರೆತುಬಿಡುವ ನನ್ನಂಥವರಿಗೆ ಇಂಥವರೊಬ್ಬರು ಇದ್ದಾರೆ ಎಂಬುದೇ ಗೊತ್ತಿಲ್ಲ. ವಾಸನೆ ಬಂದ ದಿನ ಮಾತ್ರ ಮೂಗು ಮುಚ್ಚಿಕೊಂಡು ಯಾರನ್ನೋ ಬೈಯುತ್ತೇವೆ. ಇವರಿಗೆ ಅದರ ಬಗ್ಗೆ ತಕರಾರಿಲ್ಲ. ‘ಇದನ್ನ ಯಾರಪ್ಪಾ ಕಟ್ಟಿದ್ದು ಅಂತ ಜನ ಕೇಳಿದ್ರು ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ. ಕೇಳದೇ ಇದ್ರೇ ಒಳ್ಳೇದು.’

ಜೊತೆಯವರು ಇಟ್ಟಿರುವ ಹೆಸರು ಸರಪಳಿ ಮೇಸ್ತ್ರಿ. ಬೇರೆಯವರು ಫ್ಲೋಟ್‌ಗಳನ್ನು ಪೈಪಿಗೆ ಕ್ಲಾಂಪ್ ಹಾಕಿ ಬಿಗಿಯುತ್ತಾರೆ. ಇವರು ನಾಲ್ಕನ್ನೂ ಒಂದೇ ಸ್ಟೀಲ್ ಸರಪಳಿಗೆ ಕಟ್ಟಿ, ತುದಿಗೆ ಐದು ಕೆಜಿ ತೂಕ ಇಳಿಬಿಟ್ಟು, ಮೇಲಿನ ಕೊನೆಯನ್ನು ಮುಚ್ಚಳದ ಪಕ್ಕದ ಕೊಕ್ಕೆಗೆ ಸಿಕ್ಕಿಸುತ್ತಾರೆ. ಫ್ಲೋಟ್ ಎಲ್ಲಾದರೂ ಸಿಕ್ಕಿಕೊಂಡರೆ ಮೇಲೆ ನಿಂತೇ ಎಳೆದುಕೊಳ್ಳಬಹುದು, ಯಾರೂ ಇಳಿಯಬೇಕಿಲ್ಲ. ‘ಮೇಸ್ತ್ರಿ, ಮನೇಲಿ ನಾಯಿಗಾದ್ರೂ ಒಂದು ಸರಪಳಿ ಬಿಟ್ಟಿದ್ದೀರಾ?’ ಎಂದು ತಮಾಷೆ ಮಾಡುವವರಿದ್ದಾರೆ. ಇವರೂ ನಗುತ್ತಾರೆ.

ಮೊದಲು ಇವರೂ ಪೈಪಿಗೇ ಬಿಗಿಯುತ್ತಿದ್ದರು. ಹಾಗೆ ಕಟ್ಟಿದ ಬಾವಿಗಳು ಹನ್ನೊಂದು. ಒಂಬತ್ತು ವರ್ಷದ ಹಿಂದೆ ಅವುಗಳಲ್ಲೊಂದರಲ್ಲಿ ಫ್ಲೋಟಿನ ವಯರು ಪೈಪಿಗೆ ಸುತ್ತಿಕೊಂಡಿತು. ಅಲ್ಲಿನ ಪಂಪ್ ಆಪರೇಟರ್ ಬಿಡಿಸಲೆಂದು ಏಣಿ ಇಳಿದವರು ಮೇಲೆ ಬರಲಿಲ್ಲ. ಒಳಗಿನ ಗಾಳಿಯೇ ವಿಷವಾಗಿತ್ತು. ಆ ಆಪರೇಟರ್ ಮೇಸ್ತ್ರಿಯ ಒಡಹುಟ್ಟಿದ ಅಣ್ಣ, ಟೆಸ್ಟರ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು. ಆ ಬಾವಿ ಇದೇ.

‘ನಾನಿದ್ದದ್ದು ಎರಡು ಬೀದಿ ಆಚೆ. ಒಂದು ಫೋನ್ ಮಾಡಿದ್ರೆ ಓಡಿ ಬರ್ತಿದ್ದೆ. ಯಾಕೆ ಕರೀಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ’ ಎಂದು ಮೇಸ್ತ್ರಿ ಎದ್ದು ಕೂರುತ್ತಾರೆ. ‘ನಾನು ಕಟ್ಟಿದ್ದು ಸರಿಯಿಲ್ಲ ಅಂತ ಸಿಟ್ಟು ಬಂದಿರ್ಬೇಕು. ಸಿಟ್ಟಲ್ಲೇ ಹೋದ ಅನ್ಸುತ್ತೆ.’

ಆಮೇಲೆ ಸಂಬಳದ ಕೆಲಸ ಇಲ್ಲದ ದಿನಗಳಲ್ಲಿ, ಯಾರೂ ಹೇಳದೆ, ಹತ್ತು ಬಾವಿಗಳ ಕ್ಲಾಂಪ್ ಬಿಡಿಸಿ ಸರಪಳಿ ಹಾಕಿ ಬಂದರು. ಇದೊಂದಕ್ಕೆ ಮಾತ್ರ ಬರಲಾಗಲಿಲ್ಲ. ಅಣ್ಣ ತೀರಿಕೊಂಡ ವಾರದಲ್ಲೇ ಬೇರೆ ಯಾರೋ ಫ್ಲೋಟ್‌ಗಳನ್ನು ಅದೇ ಪೈಪಿಗೆ ಹಾಗೇ ಬಿಗಿದು ಹೋಗಿದ್ದರು. ‘ಈ ಗೇಟಿನ ತನಕ ಬರ್ತಿದ್ದೆ. ಬಂದು ವಾಪಸ್ ಹೋಗ್ತಿದ್ದೆ.’

ಕಳೆದ ವಾರ ಅತ್ತಿಗೆಯ ಫೋನ್ ಬಂತು. ಅವರ ಮನೆ ಎದುರು ಸಾಲಿನಲ್ಲೇ ಇದೆ. ಯಾರೋ ಹೊಸ ಕೆಲಸಗಾರ ಮುಚ್ಚಳ ತೆಗೆದು ಏಣಿಗೆ ಕಾಲಿಟ್ಟಿದ್ದನ್ನು ಕಿಟಕಿಯಿಂದ ಕಂಡು, ಬರಿಗಾಲಲ್ಲಿ ಓಡಿಬಂದು ಅಂಗಿ ಹಿಡಿದು ಎಳೆದಿದ್ದರು. ಮೇಸ್ತ್ರಿಗೆ ಹೇಳಿದ್ದು ಒಂದೇ ಮಾತು: ‘ಬಂದು ಅದನ್ನ ಸರಿ ಮಾಡು.’

ಪೈಪಿಗೆ ಕಟ್ಟಿದ್ದು ನೀವೆಂದು ಅತ್ತಿಗೆಗೆ ಗೊತ್ತೇ ಎಂದು ಕೇಳುತ್ತೇನೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾರೆ. ‘ಹೇಳಿಲ್ಲ. ಯಾವ ಬಾಯಲ್ಲಿ ಹೇಳ್ಲಿ?’

ಏಳೂವರೆಗೆ ಹೊಸ ಸರಪಳಿ ಇಳಿಯುತ್ತದೆ. ವಯರುಗಳು ಹೊರಗಿನ ಪೆಟ್ಟಿಗೆ ಸೇರುತ್ತವೆ. ಪಂಪ್ ಓಡಿ ನೀರು ತಗ್ಗುತ್ತದೆ. ಗಂಟೆಯೂ ಬಾರಿಸಿ ನಿಲ್ಲುತ್ತದೆ. ಆ ಸದ್ದಿಗೆ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೇಟಿನೊಳಗೆ ಬರುತ್ತಾರೆ. ಮೇಸ್ತ್ರಿ ಅವರಿಗೊಂದು ಕೈಗವಸು ಕೊಟ್ಟು, ಕೊಕ್ಕೆ ಬಿಡಿಸಿ ಸರಪಳಿಯ ತುದಿಯನ್ನು ಕೈಗಿಡುತ್ತಾರೆ.

‘ಎಳೀರಿ ಅತ್ತಿಗೆ.’

ಅವರು ಎಳೆಯುತ್ತಾರೆ. ನಾಲ್ಕು ಗುಂಡುಗಳೂ ನೀರು ಸುರಿಸುತ್ತ ಒಂದರ ಹಿಂದೊಂದು ಬೆಳಕಿಗೆ ಬರುತ್ತವೆ. ಒಂದು ನಿಮಿಷವೂ ಆಗಿಲ್ಲ.

‘ಇಷ್ಟೇನಾ?’

‘ಇಷ್ಟೇ ಅತ್ತಿಗೆ.’

ಅವರು ಸರಪಳಿ ಹಿಡಿದು ಹಾಗೇ ನಿಂತಿದ್ದಾರೆ. ಎಲ್ಲಿ ನೋಡಬೇಕೆಂದು ನನಗೆ ತಿಳಿಯುವುದಿಲ್ಲ.

‘ಅವತ್ತು ಪೈಪಿಗೆ ಕಟ್ಟಿದ್ದು ನಾನೇ’ ಎನ್ನುತ್ತಾರೆ ಮೇಸ್ತ್ರಿ.

ಅತ್ತಿಗೆ ಮೈದುನನ ಮುಖ ನೋಡುವುದಿಲ್ಲ. ಸರಪಳಿಯನ್ನು ಒಮ್ಮೆಲೇ ಬಿಡದೆ, ಗೇಣು ಗೇಣಾಗಿ ಇಳಿಸಿ, ತುದಿಯ ಕೊಂಡಿಯನ್ನು ಕೊಕ್ಕೆಗೆ ಹಾಕಿ, ಕೂತಿದೆಯಾ ಎಂದು ಎರಡು ಸಲ ಜಗ್ಗಿ ನೋಡುತ್ತಾರೆ.

‘ಗೊತ್ತು. ಅವತ್ತು ಚಪ್ಪಲಿ ಮೆಟ್ಟುವಾಗ ನಿಮ್ಮಣ್ಣ ಹೇಳಿದ್ರು. ತಮ್ಮ ಕಟ್ಟಿದ್ದು ಸಿಕ್ಕಿಕೊಂಡಿದೆ, ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ, ನಾನೇ ಹೋಗಿ ಬಿಡಿಸಿ ಬರ್ತೀನಿ ಅಂದ್ರು. ಹೇಳ್ಬೇಡ ಅಂದಿದ್ರಲ್ಲ, ಅದಕ್ಕೇ ನಾನೂ ಹೇಳಿಲ್ಲ.’

ಮೇಸ್ತ್ರಿ ಗೋಣಿಚೀಲದ ಮೇಲೆ ಕೂರುತ್ತಾರೆ. ಊರು ಎದ್ದಿದೆ, ಪೈಪಿನಿಂದ ನೀರು ಜೋರಾಗಿ ಬೀಳುತ್ತಿದೆ. ಸ್ವಲ್ಪ ಹೊತ್ತಿಗೆ ಎರಡನೇ ಫ್ಲೋಟ್ ವಾಲಿ ಪಂಪ್ ತಾನಾಗಿ ಶುರುವಾಗುತ್ತದೆ. ಅತ್ತಿಗೆ ಮುಚ್ಚಳದ ಒಂದು ಬದಿ ಹಿಡಿದು, ಇನ್ನೊಂದು ಬದಿಗೆ ಮೈದುನ ಏಳಲಿ ಎಂದು ಕಾಯುತ್ತಿದ್ದಾರೆ.